ಕೆಂಚನ ಗುಲಾಬಿ ತಡವಾಗಿ ಅರಳುವುದು ಏಕೆ?

ಪ್ರಶ್ನೆ: ನಾವು ಸಿಂಧನೂರಿನವರು. ನಮ್ಮ ನಾಯಿ ಕೆಂಚ ಹದಿಮೂರು ವರ್ಷ ನಮ್ಮ ಜೊತೆಗಿದ್ದು, ಕಿಡ್ನಿ ತೊಂದರೆಯಿಂದ ತೀರಿಕೊಂಡ. ಹಿತ್ತಲಲ್ಲಿ ಗುಂಡಿ ತೋಡಿ, ಹಿರಿಯರು ಹೇಳಿದ ಹಾಗೆ ಉಪ್ಪು ಹಾಕಿ ಹೂಳಿದೆವು. ವಾರದೊಳಗೆ ಅದರ ಮೇಲೆಯೇ ಒಂದು ಕೆಂಪು ಗುಲಾಬಿ ನೆಟ್ಟೆವು. ಓಣಿಯಲ್ಲಿ ಗಾಡಿ ಮೇಲೆ ಮಾರಲು ಬಂದವರ ಹತ್ತಿರ ಕೊಂಡ ಗಿಡ ಅದು. ಎರಡು ವರ್ಷ ಆಯಿತು. ಮೊದಲ ವರ್ಷ ಹೂವೇ ಇಲ್ಲ. ಈ ಸಲ ಓಣಿಯವರ ಗುಲಾಬಿಗಳೆಲ್ಲ ದೀಪಾವಳಿ ಮುಗಿಯುತ್ತಿದ್ದ ಹಾಗೆ ಅರಳಿದವು. ನಮ್ಮದು ಫೆಬ್ರವರಿಯಲ್ಲಿ ಮೂರು ಮೊಗ್ಗು ಬಿಟ್ಟು, ಒಂದೇ ಒಂದು ಅರಳಿತು. ಎಲೆ ಹಳದಿಯಾಗಿವೆ, ಅಂಚು ಸುಟ್ಟ ಹಾಗಿದೆ. ಗಿಡಕ್ಕೆ ಇದುವರೆಗೆ ಕತ್ತರಿ ಹಾಕಿಲ್ಲ, ಮನಸ್ಸು ಬರಲಿಲ್ಲ. ಇದು ತಡವಾಗಿ ಹೂ ಬಿಡುವ ಜಾತಿಯೋ? ಕಿತ್ತು ಬೇರೆ ನೆಡಬೇಕೋ? ಹೂಳಿದ ಜಾಗದಲ್ಲಿ ಗಿಡ ನೆಟ್ಟದ್ದೇ ದೋಷವಾಯಿತೇನೋ ಅಂತ ಅತ್ತೆ ಚಿಂತೆ ಮಾಡುತ್ತಿದ್ದಾರೆ. ಮಗಳು ದಿನಾ ಬೆಳಿಗ್ಗೆ ಹೋಗಿ ಮೊಗ್ಗು ಬಂತಾ ಅಂತ ನೋಡಿ ಬರುತ್ತಾಳೆ.

ಉತ್ತರ: ಅಕ್ಕಾವ್ರೇ, ಮೊದಲು ಅತ್ತೆಯವರ ಚಿಂತೆ ಕಳೆಯಲಿ. ಹೂಳಿದ ಜಾಗದಲ್ಲಿ ಗಿಡ ನೆಟ್ಟದ್ದರಲ್ಲಿ ಯಾವ ದೋಷವೂ ಇಲ್ಲ. ಗಿಡ ಕೀಳಬೇಡಿ. ಎರೆ ಮಣ್ಣಿನಲ್ಲಿ, ಅಂದರೆ ನಿಮ್ಮ ಕಡೆಯ ಕಪ್ಪು ಮಣ್ಣಿನಲ್ಲಿ, ಸಿಂಧನೂರಿನ ಎರಡು ಬೇಸಿಗೆ ತಡೆದುಕೊಂಡು, ಒಂದಾದರೂ ಹೂ ಕೊಟ್ಟಿದೆ ಅಂದರೆ ಅದು ಗಟ್ಟಿ ಗಿಡವೇ. ಅದು ತಡ ಮಾಡುತ್ತಿರುವುದಕ್ಕೆ ಕಾರಣಗಳಿವೆ. ಅವುಗಳಲ್ಲಿ ದೊಡ್ಡವು ಎರಡೂ ನಿಮ್ಮ ಪತ್ರದಲ್ಲೇ ಇವೆ. ಒಂದು, ಗುಂಡಿಗೆ ಹಾಕಿದ ಉಪ್ಪು. ಇನ್ನೊಂದು, ಗಿಡಕ್ಕೆ ಹಾಕದ ಕತ್ತರಿ. ಎರಡನ್ನೂ ನೀವು ಕೆಂಚನ ಮೇಲಿನ ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ಗುಲಾಬಿಯ ಸ್ವಭಾವಕ್ಕೆ ಎರಡೂ ಹೊಂದುವುದಿಲ್ಲ. ಮುಂದಿನ ಚಳಿಗಾಲಕ್ಕೆ ಇದನ್ನು ಸರಿದಾರಿಗೆ ತರಬಹುದು. ಅದಕ್ಕೆ ಈಗಿನಿಂದಲೇ, ಈ ಬೇಸಿಗೆಯಿಂದಲೇ ಕೆಲಸ ಶುರು ಮಾಡಬೇಕು.

ಜಾತಿಯ ವಿಷಯ ಬೇಗ ಮುಗಿಸುತ್ತೇನೆ. ತಡವಾಗಿ ಹೂ ಬಿಡುವ ಗುಲಾಬಿಗಳು ಇವೆ, ನಿಜ. ಚಳಿ ದೇಶಗಳಲ್ಲಿ ಹಳೆಯ ಕಾಲದ ಗುಲಾಬಿಗಳು ಬಹುಪಾಲು ಜೂನ್ ಸುಮಾರಿಗೆ ವರ್ಷಕ್ಕೊಮ್ಮೆ ಅರಳಿ ಸುಮ್ಮನಾಗುತ್ತವೆ. ಅಂಥ ತೋಟದಲ್ಲೇ ಕಸ್ತೂರಿ ಗುಲಾಬಿ ಅನ್ನುವ ಜಾತಿ ಬೇಸಿಗೆಯ ಕೊನೆಗೆ ಶುರು ಮಾಡಿ ಎಲೆ ಉದುರುವ ಕಾಲದವರೆಗೂ ಹೂ ಕೊಡುತ್ತದೆ. ಆದರೆ ನಮ್ಮ ಕಡೆ ಗಾಡಿ ಮೇಲೆ ಬರುವ ಕೆಂಪು ಗುಲಾಬಿ ಅಂಥದ್ದಲ್ಲ. ಅವು ಹೆಚ್ಚಾಗಿ ಹೈಬ್ರಿಡ್ ಟೀ ಅಥವಾ ಫ್ಲೋರಿಬಂಡಾ ಗುಂಪಿನವು. ಹೊಸ ಚಿಗುರು ಬಂದಾಗಲೆಲ್ಲ ಅದರ ತುದಿಯಲ್ಲಿ ಹೂ ಬಿಡುವುದು ಅವುಗಳ ಗುಣ. ರಾಯಚೂರು ಜಿಲ್ಲೆಯಲ್ಲಿ ಕಾರ್ತಿಕದಿಂದ ಮಾಘದವರೆಗೆ ಅವಕ್ಕೆ ಸುಗ್ಗಿ. ಹಾಗಾಗಿ ಫೆಬ್ರವರಿಯಲ್ಲಿ ಬಂದ ನಿಮ್ಮ ಹೂವನ್ನು ಜಾತಿಯ ಗುಣ ಅನ್ನಲು ಬರುವುದಿಲ್ಲ. ಗಿಡಕ್ಕೆ ಶಕ್ತಿ ಕೂಡಿ ಬರಲು ಅಷ್ಟು ದಿನ ಹಿಡಿಯಿತು, ಅಷ್ಟೇ.

ಈಗ ಉಪ್ಪಿನ ವಿಷಯ. ಹೂಳುವಾಗ ಉಪ್ಪು ಹಾಕುವುದು ನಮ್ಮಲ್ಲಿ ಬಹಳ ಕಡೆ ಇರುವ ಪದ್ಧತಿ. ವಾಸನೆ ಬರಬಾರದು, ಬೇರೆ ಪ್ರಾಣಿಗಳು ಕೆದಕಬಾರದು ಅನ್ನುವುದು ಅದರ ಹಿಂದಿನ ಯೋಚನೆ. ಹಿರಿಯರು ಹೇಳಿದ್ದನ್ನು ನೀವು ಮಾಡಿದ್ದೀರಿ. ಎಷ್ಟು ಹಾಕಿದಿರಿ ಅಂತ ಬರೆದಿಲ್ಲ. ಒಂದೆರಡು ಹಿಡಿಯಾಗಿದ್ದರೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನಾಲ್ಕೈದು ಕಿಲೋ ಆಗಿದ್ದರೆ ಮಾತ್ರ ಅದು ಇನ್ನೂ ಅಲ್ಲೇ ಇದೆ ಅಂತ ತಿಳಿಯಿರಿ. ಉಪ್ಪು ಕೊಳೆಯುವ ವಸ್ತುವಲ್ಲ. ನೀರು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅದೂ ಹೋಗುತ್ತದೆ. ಮಳೆಗಾಲದಲ್ಲಿ ನೀರಿನ ಜೊತೆ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಮಣ್ಣು ಒಣಗಿ ಕೆಳಗಿನ ತೇವ ಮೇಲೇರುವಾಗ ಅದರ ಜೊತೆ ಮೇಲೆ ಬರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಬೇರಿನ ಹತ್ತಿರ ಉಳಿಯುತ್ತದೆ. ಸವಳು ಬಿದ್ದ, ಅಂದರೆ ಉಪ್ಪೇರಿದ ಗದ್ದೆಯ ಮೇಲೆ ಬೇಸಿಗೆಯಲ್ಲಿ ಬಿಳಿ ಪುಡಿ ಕಾಣುತ್ತದಲ್ಲ, ಅದೂ ಹೀಗೆಯೇ ಆಗುವುದು. ಕಾಲುವೆ ಸೀಮೆಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳಿನ ಬಗ್ಗೆಯೇ ಕೆಲಸ ನಡೆಯುತ್ತದೆ.

ಗುಲಾಬಿ ಉಪ್ಪು ತಡೆಯದ ಗಿಡಗಳಲ್ಲಿ ಒಂದು. ಮಣ್ಣಿನಲ್ಲಿ ಉಪ್ಪು ಜಾಸ್ತಿ ಆದರೆ ನೀರು ಇದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಒಳಗೆ ಸೇರಿದ ಉಪ್ಪು ಎಲೆಯ ಅಂಚಿನಲ್ಲಿ ಕೂಡಿ ಅಂಚನ್ನು ಸುಡುತ್ತದೆ. ನೀವು ಬರೆದ ‘ಅಂಚು ಸುಟ್ಟ ಹಾಗೆ’ ಅನ್ನುವುದು ಅದೇ ಇರಬೇಕು. ಇನ್ನೊಂದು ತೊಂದರೆ ಎರೆ ಮಣ್ಣಿನದು. ಉಪ್ಪಿನಲ್ಲಿರುವ ಸೋಡಿಯಂ ಎರೆಯ ಹೆಂಟೆಗಳನ್ನು ಒಡೆದು ಜಿಗುಟು ಮಾಡುತ್ತದೆ. ಆಗ ಮಣ್ಣಿನೊಳಗೆ ಗಾಳಿ ಆಡುವುದಿಲ್ಲ, ನೀರು ಇಳಿಯುವುದಿಲ್ಲ. ಬೇರು ಉಸಿರುಗಟ್ಟಿ ನಿಂತಲ್ಲೇ ನಿಲ್ಲುತ್ತದೆ. ಬೇರು ಬೆಳೆಯದೆ ಚಿಗುರು ಬರುವುದಿಲ್ಲ, ಚಿಗುರು ಬಾರದೆ ಹೂ ಬರುವುದಿಲ್ಲ.

ಊಹೆಯ ಮೇಲೆ ಮದ್ದು ಮಾಡುವುದು ಬೇಡ, ಮಣ್ಣು ಪರೀಕ್ಷೆ ಮಾಡಿಸಿ. ಗಿಡದಿಂದ ಒಂದು ಅಡಿ ದೂರದಲ್ಲಿ, ಅರ್ಧ ಅಡಿ ಆಳದಿಂದ ಒಂದು ಚೀಲ, ಒಂದೂವರೆ ಅಡಿ ಆಳದಿಂದ ಇನ್ನೊಂದು ಚೀಲ ಮಣ್ಣು ತೆಗೆಯಿರಿ. ಅರ್ಧರ್ಧ ಕಿಲೋ ಸಾಕು. ಅದಕ್ಕಿಂತ ಆಳ ಹೋಗಬೇಡಿ, ಅವನನ್ನು ಕೆದಕುವ ಅಗತ್ಯ ಇಲ್ಲ. ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೊಟ್ಟು, ರಸಸಾರ ಮತ್ತು ಇ.ಸಿ. ಎರಡನ್ನೂ ನೋಡಲು ಹೇಳಿ. ರಸಸಾರ ಅಂದರೆ ಮಣ್ಣಿನ ಹುಳಿ, ಕ್ಷಾರದ ಅಳತೆ (ಪಿ.ಎಚ್.). ಇ.ಸಿ. ಅಂದರೆ ಮಣ್ಣಿನ ಉಪ್ಪಿನ ಅಳತೆ. ನಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಅದು 1ಕ್ಕಿಂತ ಕಡಿಮೆ ಇದ್ದರೆ ಗಾಬರಿ ಇಲ್ಲ. 2 ದಾಟಿದರೆ ಗುಲಾಬಿಗೆ ಆ ಜಾಗ ಕಷ್ಟ. ರಸಸಾರ ಎರೆಯಲ್ಲಿ ಸಾಮಾನ್ಯವಾಗಿ 8ರ ಆಸುಪಾಸು ಇರುತ್ತದೆ. 8.5 ದಾಟಿದರೆ ಸೋಡಿಯಂ ಕೂತಿದೆ ಅಂತ ಅನುಮಾನ ಪಡಬೇಕು.

ಉಪ್ಪು ಇದೆ ಅಂತ ಗೊತ್ತಾದರೆ ಮದ್ದು ಜಿಪ್ಸಂ. ಶೇಂಗಾ ಬೆಳೆಯುವವರ ಮನೆಯಲ್ಲಿ ಇದು ಇದ್ದೇ ಇರುತ್ತದೆ, ಗೊಬ್ಬರದ ಅಂಗಡಿಯಲ್ಲೂ ಸಿಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮಣ್ಣಿಗೆ ಅಂಟಿದ ಸೋಡಿಯಂನ ಜಾಗದಲ್ಲಿ ಕೂತು ಅದನ್ನು ಹೊರಗೆ ತಳ್ಳುತ್ತದೆ. ಹೊರಬಂದದ್ದು ಮಳೆನೀರಿನ ಜೊತೆ ಕೆಳಗಿಳಿದು ಹೋಗುತ್ತದೆ. ಜೂನ್‌ನಲ್ಲಿ ಮೊದಲ ಹದ ಮಳೆ ಬಿದ್ದ ಮೇಲೆ, ಗಿಡದ ಸುತ್ತ ಒಂದು ಚದರ ಮೀಟರಿಗೆ ಅರ್ಧದಿಂದ ಒಂದು ಕಿಲೋ ಜಿಪ್ಸಂ ಹರಡಿ, ಮೇಲಿನ ಎರಡು ಮೂರು ಬೆರಳು ಮಣ್ಣಿಗೆ ಮಾತ್ರ ಬೆರೆಸಿ. ಸುಣ್ಣವನ್ನು ಇದರ ಬದಲಿಗೆ ಹಾಕಬೇಡಿ. ಸುಣ್ಣ ಬೇರೆ, ಜಿಪ್ಸಂ ಬೇರೆ. ನಮ್ಮ ಎರೆಯಲ್ಲಿ ಸುಣ್ಣ ಮೊದಲೇ ಬೇಕಾದಷ್ಟಿದೆ. ಆಮೇಲಿನ ಕೆಲಸ ಮಳೆಯದು. ಮಳೆನೀರಿನಷ್ಟು ಚೆನ್ನಾಗಿ ಉಪ್ಪು ತೊಳೆಯುವ ನೀರು ಬೇರೆ ಇಲ್ಲ. ನಮ್ಮ ಭಾಗದಲ್ಲಿ ಸೆಪ್ಟೆಂಬರ್‌ನಲ್ಲೇ ಮಳೆ ಹೆಚ್ಚು. ಹುಬ್ಬಿ, ಉತ್ತರಿ, ಹಸ್ತ ಮಳೆಗಳು ಈ ಗಿಡಕ್ಕೆ ಬಹಳ ಬೇಕಾದವು. ಮಾಳಿಗೆಯ ದೋಣಿಯಿಂದ ಬೀಳುವ ನೀರನ್ನು ಒಂದು ಪೈಪು ಕಟ್ಟಿ ಈ ಕಡೆ ತಿರುಗಿಸಲು ಆದರೆ ಇನ್ನೂ ಒಳ್ಳೆಯದು. ಆದರೆ ನೀರು ಬುಡದಲ್ಲಿ ನಿಲ್ಲಬಾರದು. ಹರಿದು ಹೋಗಲು ತಗ್ಗಿನ ಕಡೆಗೆ ಒಂದು ಸಣ್ಣ ಕಾಲುವೆ ಎಳೆದಿಡಿ.

ಮಳೆ ಬರುವವರೆಗೆ ಮೂರು ತಿಂಗಳು ಇದೆಯಲ್ಲ, ಆಗ ಏನು ಮಾಡಬೇಕು? ಉಪ್ಪು ಮೇಲೆ ಬರದ ಹಾಗೆ ತಡೆಯಬೇಕು. ಅಂದರೆ ಮಣ್ಣು ಬಿಸಿಲಿಗೆ ಕಾದು ಒಣಗಬಾರದು. ನಿಮ್ಮೂರಿನಲ್ಲಿ ನೆಲ್ಲು ಹುಲ್ಲಿಗೆ ಬರವಿಲ್ಲ. ಅದನ್ನು ಗಿಡದ ಸುತ್ತ ಎರಡು ಅಡಿ ಅಗಲಕ್ಕೆ, ನಾಲ್ಕು ಬೆರಳು ದಪ್ಪಕ್ಕೆ ಹಾಸಿ. ಶೇಂಗಾ ಹೊಟ್ಟೂ ಆಗುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಏರುತ್ತದೆ. ನೀರು ದಿನಾ ಒಂದೊಂದು ಚೊಂಬು ಹಾಕುವುದನ್ನು ಬಿಡಿ. ಆ ನೀರು ಮೇಲೆ ಮೇಲೆ ಆರಿ ಉಪ್ಪನ್ನು ಅಲ್ಲೇ ಕೂಡಿಸುತ್ತದೆ. ವಾರಕ್ಕೆ ಎರಡು ಸಲ, ಸಂಜೆ ಹೊತ್ತು, ಒಂದೂವರೆ ಕೊಡ ನೀರು ನಿಧಾನವಾಗಿ ಇಳಿಯುವ ಹಾಗೆ ಕೊಡಿ. ಹುಲ್ಲು ಸರಿಸಿ ಬೆರಳು ಊರಿ ನೋಡಿ. ಎರಡು ಗೆಣ್ಣು ಒಳಗೆ ತೇವ ಇದ್ದರೆ ಅವತ್ತು ನೀರು ಬೇಡ.

ನೀರು ಯಾವುದು ಅನ್ನುವುದೂ ಮುಖ್ಯ. ಕಾಲುವೆ ನೀರು ಒಳ್ಳೆಯದು. ಕಾಲುವೆ ಬಂದಾದ ಮೇಲೆ ಬೋರಿನ ನೀರು ಹಾಕುವವರು, ಅದು ಬಾಯಿಗೆ ಉಪ್ಪೆನಿಸಿದರೆ ಗುಲಾಬಿಗೆ ಹಾಕಬೇಡಿ. ಮನೆಯಲ್ಲಿ ಕುಡಿಯುವ ನೀರಿನ ಆರ್.ಒ. ಫಿಲ್ಟರ್ ಇದ್ದರೆ, ಅದರಿಂದ ಹೊರಬರುವ ವೇಸ್ಟ್ ನೀರನ್ನು ಗಿಡಗಳಿಗೆ ಹಾಕುವ ಅಭ್ಯಾಸ ಈಗ ಬಹಳ ಮನೆಗಳಲ್ಲಿದೆ. ನೀರು ಉಳಿಸುವ ಆಸೆ ಒಳ್ಳೆಯದೇ. ಆದರೆ ಫಿಲ್ಟರ್ ತೆಗೆದ ಉಪ್ಪೆಲ್ಲ ಆ ನೀರಿನಲ್ಲೇ ಇರುತ್ತದೆ. ಅದನ್ನು ಅಂಗಳ ತೊಳೆಯಲು ಬಳಸಿ.

ಇನ್ನು ಗಿಡದ ಬುಡ. ಹೊಸದಾಗಿ ತೋಡಿ ಮುಚ್ಚಿದ ಗುಂಡಿ ಒಂದೆರಡು ಮಳೆಗಾಲ ಕುಸಿಯುತ್ತಲೇ ಇರುತ್ತದೆ. ಎರೆಯಾದರೆ ಇನ್ನೂ ಜಾಸ್ತಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ, ಮತ್ತೆ ಇಳಿಯುವ ಮಣ್ಣು ಅದು. ಕೆಳಗೆ ದೇಹ ಕರಗುವಾಗಲೂ ಮಣ್ಣು ಇಳಿಯುತ್ತದೆ. ನೀವು ವಾರದೊಳಗೆ ನೆಟ್ಟಿದ್ದರಿಂದ ಗಿಡವೂ ಮಣ್ಣಿನ ಜೊತೆ ಇಳಿದಿರಬೇಕು. ಬುಡದ ಹತ್ತಿರ ತಗ್ಗಾಗಿ ನೀರು ನಿಲ್ಲುತ್ತಿದೆಯಾ ನೋಡಿ. ಆಮೇಲೆ ಬುಡದ ಮಣ್ಣನ್ನು ಕೈಯಿಂದ ಮೆಲ್ಲಗೆ ಸರಿಸಿ. ಕಾಂಡದಲ್ಲಿ ಒಂದು ಕಡೆ ಗಂಟಿನ ಹಾಗೆ ಉಬ್ಬು ಸಿಗುತ್ತದೆ. ಅದು ಕಣ್ಣು ಕಸಿ ಮಾಡಿದ ಜಾಗ. ಕೆಳಗಿರುವುದು ಕಾಡು ಗುಲಾಬಿಯ ಬೇರು, ಮೇಲಿರುವುದು ನೀವು ಬೇಕೆಂದು ಕೊಂಡ ಕೆಂಪು ಗುಲಾಬಿ. ಈ ಗಂಟು ಮಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲಿರಬೇಕು. ಗಂಟಿನ ಕೆಳಗಿನಿಂದ ಯಾವುದಾದರೂ ಕೊಂಬೆ ಎದ್ದಿದ್ದರೆ ಅದು ಬೇರುಗಿಡದ್ದು. ಅದು ಭರಭರನೆ ಬೆಳೆದು, ಮೇಲಿನ ಗಿಡದ ಊಟವನ್ನೆಲ್ಲ ತಾನೇ ತಿನ್ನುತ್ತದೆ. ಎಲೆ ಎಣಿಸಿ ಗುರುತು ಹಿಡಿಯಿರಿ ಅಂತ ಕೆಲವರು ಹೇಳುತ್ತಾರೆ, ಅದನ್ನು ನಂಬಬೇಡಿ. ಎಲ್ಲಿಂದ ಹುಟ್ಟಿದೆ ಅನ್ನುವುದೊಂದೇ ಸರಿಯಾದ ಗುರುತು. ಅಂಥ ಕೊಂಬೆಯನ್ನು ಕತ್ತರಿಸಬೇಡಿ, ಕತ್ತರಿಸಿದರೆ ಎರಡಾಗಿ ಬರುತ್ತದೆ. ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಎಳೆದು ಕಿತ್ತುಹಾಕಿ.

ಗಾಡಿ ಗಿಡಗಳಿಗೆ ಇನ್ನೊಂದು ಕತೆ ಇದೆ. ನಮ್ಮ ಊರುಗಳಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ರಾಜಮಹೇಂದ್ರಿ ಹತ್ತಿರದ ಕಡಿಯಂ ನರ್ಸರಿಗಳವು. ದೂರ ಸಾಗಿಸಬೇಕಲ್ಲ, ಅದಕ್ಕೆ ಬೇರಿನ ಸುತ್ತ ಜಿಗುಟು ಮಣ್ಣಿನ ಉಂಡೆ ಕಟ್ಟಿರುತ್ತಾರೆ. ಅದನ್ನು ಒಡೆಯದೆ ಎರೆಯಲ್ಲಿ ಇಟ್ಟರೆ, ನೆಲದಲ್ಲಿ ನೆಟ್ಟರೂ ಗಿಡ ಕುಂಡದೊಳಗೆ ಕೂತ ಹಾಗೆಯೇ. ಉಂಡೆ ಒಂದು ಹದದಲ್ಲಿ ಒಣಗುತ್ತದೆ, ಸುತ್ತಲ ಎರೆ ಇನ್ನೊಂದು ಹದದಲ್ಲಿ. ಬೇರು ಗಡಿ ದಾಟಲು ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯನ್ನೂ ಬಿಡಿಸದೆ ನೆಟ್ಟ ಮನೆಗಳೂ ಇವೆ. ನಿಮ್ಮದು ಹಾಗಾಗಿದೆಯೇ ಅಂತ ಈಗ ಅಗೆದು ನೋಡಬೇಡಿ. ಮಾರ್ಚ್‌ನಲ್ಲಿ ಬೇರು ಮುಟ್ಟಿದರೆ ಮೇ ತಿಂಗಳು ಗಿಡ ಕಾಣುವುದಿಲ್ಲ. ಅಕ್ಟೋಬರ್‌ವರೆಗೆ ತಡೆಯಿರಿ.

ಅಕ್ಟೋಬರ್ ಬಂದಾಗ ಕತ್ತರಿಯ ಮಾತು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಮನಸ್ಸು ಬರಲಿಲ್ಲ ಅಂತ ಬರೆದಿದ್ದೀರಲ್ಲ, ಅದು ನನಗೆ ಅರ್ಥವಾಗುತ್ತದೆ. ಕೆಂಚನ ನೆನಪಿಗೆ ಅಂತ ನೆಟ್ಟ ಗಿಡ, ಅದಕ್ಕೆ ನೋವು ಮಾಡುವುದು ಹೇಗೆ ಅನಿಸುತ್ತದೆ. ಪ್ರೀತಿಪಾತ್ರರ ಹೆಸರಿನಲ್ಲಿ ನೆಟ್ಟ ಗುಲಾಬಿಗಳು ಬಹಳ ಮನೆಗಳಲ್ಲಿ ಹೀಗೆಯೇ ಕತ್ತರಿ ಕಾಣದೆ, ಉದ್ದುದ್ದ ಬೆಳೆದು, ತುದಿಯಲ್ಲಿ ನಾಲ್ಕು ಎಲೆ ಹೊತ್ತು ನಿಂತಿರುತ್ತವೆ. ಆದರೆ ಈ ಗುಲಾಬಿಗೆ ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕೊಂಬೆಯನ್ನು ಕತ್ತರಿಸಿದಾಗ, ಕತ್ತರಿಸಿದ ಜಾಗದ ಕೆಳಗೆ ಮಲಗಿದ್ದ ಕಣ್ಣು ಏಳುತ್ತದೆ. ತುದಿ ಇರುವವರೆಗೆ ಆ ಕಣ್ಣುಗಳನ್ನು ತುದಿಯೇ ಅದುಮಿ ಇಟ್ಟಿರುತ್ತದೆ. ಕತ್ತರಿ ಹಾಕದಿದ್ದರೆ ಗಿಡ ಹಳೆಯ ಕಡ್ಡಿಯನ್ನು ಸಾಕುವುದರಲ್ಲೇ ಇದ್ದ ಶಕ್ತಿಯನ್ನೆಲ್ಲ ಕಳೆಯುತ್ತದೆ. ಕತ್ತರಿಸುವುದು ಗುಲಾಬಿಗೆ ನೋವಲ್ಲ ಅಕ್ಕಾವ್ರೇ, ಅದಕ್ಕೆ ಅದೇ ಆರೈಕೆ. ನೀವು ಕೆಂಚನಿಗೆ ಸ್ನಾನ ಮಾಡಿಸಿ, ಉಗುರು ತೆಗೆದು ನೋಡಿಕೊಂಡಿರಲ್ಲ, ಈ ಗಿಡಕ್ಕೂ ಅಷ್ಟು ಮಾಡಬೇಕು.

ಹಸ್ತ ಮಳೆ ಹಿಂದೆ ಸರಿಯುತ್ತಿದ್ದ ಹಾಗೆ, ಅಕ್ಟೋಬರ್ ಮೊದಲ ಅಥವಾ ಎರಡನೇ ವಾರ, ಮೋಡ ಇಲ್ಲದ ಒಂದು ದಿನ ನೋಡಿ. ಕತ್ತರಿ ಹರಿತವಾಗಿರಲಿ, ಬಟ್ಟೆ ಕತ್ತರಿಸುವುದು ಬೇಡ, ಗಿಡದ ಸಿಕೇಟರ್ ತನ್ನಿ. ಮೊದಲು ಒಣಗಿದ್ದು, ಕರಿ ಬಿದ್ದದ್ದು, ಪೆನ್ಸಿಲಿಗಿಂತ ತೆಳ್ಳಗಿನದು ತೆಗೆಯಿರಿ. ಒಂದರ ಮೇಲೊಂದು ಉಜ್ಜುವ ಕೊಂಬೆಗಳಲ್ಲಿ ಒಂದನ್ನು ತೆಗೆಯಿರಿ. ಉಳಿದ ಒಳ್ಳೆಯ ಮೂರು ನಾಲ್ಕು ಕೊಂಬೆಗಳನ್ನು ಈ ವರ್ಷ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ. ಎಲೆ ತುಂಬಿದ ಗಿಡವಾದರೆ ಅರ್ಧಕ್ಕೆ ಕತ್ತರಿಸಿ ಅನ್ನುತ್ತಿದ್ದೆ. ನಿಮ್ಮದಕ್ಕೆ ಎಲೆಯ ಬಲ ಇನ್ನೂ ಬೇಕು. ಹೊರಮುಖ ಮಾಡಿದ ಕಣ್ಣಿನ ಮೇಲೆ ಕಾಲು ಇಂಚು ಬಿಟ್ಟು, ಸ್ವಲ್ಪ ಓರೆಯಾಗಿ ಕತ್ತರಿಸಿ. ಅದೇ ದಿನ ಬುಡಕ್ಕೆ ಎರಡು ಕಿಲೋ ಎರೆಹುಳು ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಡಿ. ಹಸಿ ಸಗಣಿ ಬೇಡ. ಕತ್ತರಿಸಿದ ಒಂದೂವರೆಯಿಂದ ಎರಡು ತಿಂಗಳಲ್ಲಿ ಹೂ ಬರುತ್ತದೆ. ಓಣಿಯವರ ಗಿಡಗಳು ದೀಪಾವಳಿ ದಾಟಿ ಅರಳಿದ್ದರ ಹಿಂದೆ ನವರಾತ್ರಿಯ ಸುಮಾರಿಗೆ ಯಾರೋ ಕತ್ತರಿ ಹಾಕಿರಬೇಕು, ಕೇಳಿ ನೋಡಿ.

ಕತ್ತರಿಸುವ ಅದೇ ಹೊತ್ತಿಗೆ ಗಿಡದ ಮಟ್ಟ ಸರಿಮಾಡುವ ಕೆಲಸವೂ ಆಗಲಿ. ಗಂಟು ಮಣ್ಣಿನಲ್ಲಿ ಹೂತು ಹೋಗಿದ್ದರೆ, ಅಥವಾ ಇ.ಸಿ. 2 ದಾಟಿದ್ದರೆ, ಗಿಡವನ್ನು ಮಣ್ಣಿನ ಉಂಡೆ ಸಮೇತ ಎತ್ತಿ ಎರಡು ಮೂರು ಅಡಿ ಪಕ್ಕಕ್ಕೆ ಕೂಡಿಸಿ. ಕೆಂಚನಿಂದ ದೂರ ಮಾಡಿದ ಹಾಗೆ ಅಂದುಕೊಳ್ಳಬೇಡಿ, ಅವನ ಮಗ್ಗುಲಲ್ಲೇ ಇರುತ್ತದೆ. ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಮೂರರ ಮೇಲೆ ನೆರಳಾಗುವ ಮಗ್ಗುಲು ಆರಿಸಿ. ನೆಲ ತೋಡುವುದಕ್ಕಿಂತ ನೆಲದ ಮೇಲೆ ಒಂದು ಅಡಿ ಎತ್ತರದ, ಮೂರು ಅಡಿ ಅಗಲದ ಮಡಿ ಕಟ್ಟುವುದು ಎರೆಯಲ್ಲಿ ಕ್ಷೇಮ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಸಾಕು. ಎರೆಗೆ ಉಸುಕು ಬೆರೆಸಿದರೆ ಹಗುರಾಗುತ್ತದೆ ಅನ್ನುವ ನಂಬಿಕೆ ಇದೆ. ಒಂದೆರಡು ಬುಟ್ಟಿ ಉಸುಕಿನಿಂದ ಹಾಗೆ ಆಗುವುದಿಲ್ಲ, ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಎತ್ತಿದಾಗ ಉಂಡೆಯ ಸುತ್ತ ಪ್ಲಾಸ್ಟಿಕ್ ಸಿಕ್ಕರೆ ತೆಗೆಯಿರಿ, ಜಿಗುಟು ಮಣ್ಣನ್ನು ನೀರಿನಲ್ಲಿ ಅದ್ದಿ ಹೊರಮೈಯಷ್ಟನ್ನು ಮೆತ್ತಗೆ ಮಾಡಿ ಬಿಡಿಸಿ. ಇ.ಸಿ. ಕಡಿಮೆ ಇದ್ದು, ಗಂಟೂ ಮೇಲಿದ್ದರೆ ಇದ್ದಲ್ಲೇ ಇರಲಿ.

ಗಿಡ ಎತ್ತುವುದಕ್ಕೆ ಭಯ ಆಗುವುದು ಸಹಜ. ಅದಕ್ಕೆ ಮುಂಚೆಯೇ ಇದೇ ಗಿಡದ ಇನ್ನೊಂದು ಜೀವ ಮಾಡಿಟ್ಟುಕೊಳ್ಳಿ. ಜುಲೈನಲ್ಲಿ ತೇವದ ಗಾಳಿ ಇರುವಾಗ ಪೆನ್ಸಿಲ್ ದಪ್ಪದ ಒಂದು ಕೊಂಬೆಗೆ ಗೂಟಿ ಕಟ್ಟಿ. ಒಂದು ಇಂಚಿನಷ್ಟು ಸಿಪ್ಪೆಯನ್ನು ಬಳೆಯ ಹಾಗೆ ಸುತ್ತಲೂ ತೆಗೆದು, ತೇವ ಮಾಡಿದ ತೆಂಗಿನ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿಯಾಗಿ ಕಟ್ಟಿ. ಒಂದೂವರೆ ಎರಡು ತಿಂಗಳಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತದೆ. ಆಗ ಕೆಳಗೆ ಕತ್ತರಿಸಿ ಕುಂಡಕ್ಕೆ ಹಾಕಿ ನೆರಳಿನಲ್ಲಿಡಿ. ನರ್ಸರಿಯ ಹೈಬ್ರಿಡ್ ಗುಲಾಬಿಗಳಲ್ಲಿ ಬರೀ ಕಡ್ಡಿ ಊರಿದರೆ ಬೇರು ಬರುವುದು ಕಡಿಮೆ, ಗೂಟಿಯೇ ಭರವಸೆಯದು.

ಎಲೆ ಹಳದಿ ಅಂತ ಬರೆದಿದ್ದೀರಿ, ಯಾವ ಎಲೆ ಅಂತ ಹೇಳಿಲ್ಲ. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಬುಡದಲ್ಲಿ ನೀರು ನಿಂತಿದೆ, ಇಲ್ಲವೇ ಗೊಬ್ಬರ ಸಾಲದು. ತುದಿಯ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸುಣ್ಣ ಅದನ್ನು ಹಿಡಿದಿಟ್ಟು ಬೇರಿಗೆ ಬಿಡುವುದಿಲ್ಲ. ಒಂದು ಚಿಟಿಕೆ ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ, ನೊರೆ ಬಂದರೆ ಸುಣ್ಣ ಇದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಅರ್ಧ ನಿಂಬೆಹಣ್ಣಿನ ರಸ ಹಾಕಿ, ಸೋಸಿ, ಸಂಜೆ ಎಲೆಗಳ ಮೇಲೆ ಸಿಂಪಡಿಸಿ. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇದು ಬೇಡ, ಎಲೆ ಸುಡುತ್ತದೆ. ಅಡುಗೆಮನೆಯ ಮೊಟ್ಟೆ ಸಿಪ್ಪೆ, ಅಂಗಡಿಯ ಎಲುಬಿನ ಪುಡಿ ಹಾಕಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಹುಳಿ ಮಣ್ಣಿನಲ್ಲಿ ಅವು ಕರಗಿ ಉಪಯೋಗಕ್ಕೆ ಬರುತ್ತವೆ. ಎರೆಯಲ್ಲಿ ಕರಗದೆ ಹಾಗೇ ಬಿದ್ದಿರುತ್ತವೆ.

ಫೆಬ್ರವರಿಯ ಮೂರು ಮೊಗ್ಗಿನಲ್ಲಿ ಎರಡು ಏನಾದವು? ಅಂಚು ಕಂದು ತಿರುಗಿ, ಬಿರಿಯದೆ ಒಣಗಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ನಮ್ಮ ಸೀಮೆಯಲ್ಲಿ ಮೆಣಸಿನಕಾಯಿ ಜಾಸ್ತಿ, ಆ ಗಿಡದ ಎಲೆ ಮುರುಟಿಸುವ ನುಸಿಯೇ ಗುಲಾಬಿಗೂ ಬರುತ್ತದೆ. ಹೊಲದಲ್ಲಿ ಬೆಳೆ ಒಣಗುತ್ತಾ ಬಂದ ಹಾಗೆ ಅವು ಹಸಿರು ಹುಡುಕಿ ಹಿತ್ತಲಿಗೆ ಬರುತ್ತವೆ. ಹೂ ತಡವಾದಷ್ಟೂ ಅವುಗಳ ಕಾಟಕ್ಕೆ ಸಿಕ್ಕುವುದು ಹೆಚ್ಚು. ನವೆಂಬರ್, ಡಿಸೆಂಬರ್‌ನಲ್ಲಿ ಹೂ ಬಂದರೆ ಅರ್ಧ ತೊಂದರೆ ತಾನಾಗಿಯೇ ತಪ್ಪುತ್ತದೆ. ಕೆಟ್ಟ ಮೊಗ್ಗನ್ನು ಕಿತ್ತು ದೂರ ಹಾಕಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಸೇರಿಸಿ, ಮೊಗ್ಗು ಕಾಣಿಸಿಕೊಂಡಾಗಿನಿಂದ ವಾರಕ್ಕೊಮ್ಮೆ ಸಂಜೆ ಹೊಡೆಯಿರಿ.

ಈಗ ಮಗಳಿಗೆ ಒಂದು ಮಾತು ಹೇಳಿ. ಈ ಏಪ್ರಿಲ್, ಮೇ ತಿಂಗಳಲ್ಲಿ ಗಿಡದಲ್ಲಿ ಮೊಗ್ಗು ಕಂಡರೆ ಅವಳ ಕೈಯಿಂದಲೇ ಚಿವುಟಿಸಿ. ಕಷ್ಟದ ಕೆಲಸ, ಗೊತ್ತು. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಅರಳಿದ ಹೂ ಒಂದೇ ದಿನಕ್ಕೆ ಬಾಡುತ್ತದೆ, ಗಿಡದ ಶಕ್ತಿ ಮಾತ್ರ ಖರ್ಚಾಗುತ್ತದೆ. ಮಧ್ಯಾಹ್ನಕ್ಕೆ ಹಸಿರು ನೆರಳುಪರದೆ ಕಟ್ಟಿ, ಹಳೆಯ ಸೀರೆಯಾದರೂ ಆದೀತು. ಅವಳಿಗೆ ನೋಡಲು ಹೂ ಬೇಕಲ್ಲ, ಅದಕ್ಕೆ ಕೆಂಚನ ಜಾಗದ ಮೇಲೆ ಟೇಬಲ್ ರೋಸ್ ಊರಲು ಹೇಳಿ. ಬೆರಳುದ್ದದ ತುಂಡು ಮುರಿದು ಚುಚ್ಚಿದರೆ ಸಾಕು, ಬೇರು ಬರುತ್ತದೆ. ಅದಕ್ಕೆ ಬಿಸಿಲು ಇಷ್ಟ, ನೀರು ಕಡಿಮೆ ಸಾಕು, ಗುಲಾಬಿ ತಡೆಯದ ಉಪ್ಪನ್ನು ಅದು ಒಂದಿಷ್ಟು ತಡೆದುಕೊಳ್ಳುತ್ತದೆ. ಮಣ್ಣನ್ನೂ ಮುಚ್ಚಿ ತಂಪಾಗಿಡುತ್ತದೆ.

ಇದನ್ನು ಓದುವ ಬೇರೆಯವರಿಗೂ ಹೇಳಿಬಿಡುತ್ತೇನೆ, ಮನೆಯ ಪ್ರಾಣಿಯನ್ನು ಹೂಳಿ ಗಿಡ ನೆಡುವ ಆಸೆ ಬಹಳ ಜನಕ್ಕೆ ಇರುತ್ತದೆ. ಗುಂಡಿ ಮೂರು ನಾಲ್ಕು ಅಡಿ ಆಳ ಇರಲಿ, ಬಾವಿ ಮತ್ತು ಬೋರ್‌ವೆಲ್‌ನಿಂದ ದೂರ ಇರಲಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಬೇಡ. ಆಳವಾಗಿ ಹೂಳಿದರೆ ಉಪ್ಪಿನ ಅಗತ್ಯ ಬರುವುದಿಲ್ಲ, ಕೆದಕದ ಹಾಗೆ ಮೇಲೆ ಕಲ್ಲು ಹೇರಿದರೆ ಸಾಕು. ಒಂದು ಮಳೆಗಾಲ ಮಣ್ಣು ಕುಸಿಯಲು ಬಿಟ್ಟು, ಆಮೇಲೆ ಮೇಲೆ ನೆಡುವ ಬದಲು ಎರಡು ಅಡಿ ಪಕ್ಕದಲ್ಲಿ ಗಿಡ ನೆಡಿ. ಪಾರ್ವೋ ಅಥವಾ ಡಿಸ್ಟೆಂಪರ್ ಬಂದು ಸತ್ತ ನಾಯಿಯಾದರೆ ಗಿಡಕ್ಕೆ ಏನೂ ಆಗುವುದಿಲ್ಲ. ಆದರೆ ಪಾರ್ವೋ ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಹೊಸ ಮರಿ ತರುವವರು ಲಸಿಕೆ ಪೂರ್ತಿ ಆಗುವವರೆಗೆ ಅದನ್ನು ಆ ಕಡೆ ಬಿಡಬಾರದು. ಗಿಡ ಹೊಸದಾಗಿ ಆರಿಸುವುದಾದರೆ ನಮ್ಮ ಬಿಸಿಲಿಗೆ ನನ್ನ ಮೊದಲ ಆಯ್ಕೆ ಎಡ್ವರ್ಡ್ ಗುಲಾಬಿ. ಹೂ ದೊಡ್ಡದಲ್ಲ, ಪರಿಮಳ ಮಾತ್ರ ತುಂಬಾ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಮೂಲದ ಗುಲಾಬಿ ಇದು, ಬಿಸಿ ನಾಡಿನಲ್ಲೇ ಹುಟ್ಟಿದ್ದು. ಕಸಿ ಬೇಕಿಲ್ಲ, ಕಡ್ಡಿ ಊರಿದರೆ ಬರುತ್ತದೆ. ಕೊಡೈಕೆನಾಲ್‌ನ ಎಂ.ಎಸ್. ವೀರರಾಘವನ್ ಅವರು ಬಿಸಿ ನಾಡಿಗೆ ಒಗ್ಗುವ ಗುಲಾಬಿಗಳಿಗಾಗಿಯೇ ನಮ್ಮ ದೇಶದ ಕಾಡು ಗುಲಾಬಿಗಳನ್ನು ಬಳಸಿ ತಳಿ ಮಾಡಿದ್ದಾರೆ. ಅಂಥವು ನಮ್ಮ ಸಂತೆಗೂ ಬರುವ ಹಾಗಾಗಲಿ ಅನ್ನುವುದು ನನ್ನ ಆಸೆ.

ಅಕ್ಕಾವ್ರೇ, ನವೆಂಬರ್ ಕೊನೆಗೆ ಮೊದಲ ಹೂ ಬಂದಾಗ ಅದನ್ನು ಗಿಡದಲ್ಲೇ ಒಣಗಲು ಬಿಡಬೇಡಿ. ಎರಡು ದಿನ ನೋಡಿ, ಆಮೇಲೆ ಮಗಳ ಕೈಗೆ ಸಿಕೇಟರ್ ಕೊಡಿ. ಹೂವಿನಿಂದ ಕೆಳಗೆ ಬರುತ್ತಾ, ಐದು ಎಲೆಗಳ ಮೊದಲ ಗೊಂಚಲು ಸಿಗುತ್ತದೆ. ಅದರ ಮೇಲೆ ಕತ್ತರಿಸಲು ಹೇಳಿ. ಆ ಎಲೆಯ ಕಂಕುಳಿನಿಂದಲೇ ಮುಂದಿನ ಚಿಗುರು ಬರುತ್ತದೆ, ಸಂಕ್ರಾಂತಿಯ ಹೊತ್ತಿಗೆ ಅದರಲ್ಲಿ ಮತ್ತೆ ಮೊಗ್ಗು ಇರುತ್ತದೆ. ಮಣ್ಣು ಪರೀಕ್ಷೆಯ ಚೀಟಿ ಬಂದ ಮೇಲೆ ಇ.ಸಿ. ಎಷ್ಟು, ಹಳದಿಯಾದದ್ದು ಯಾವ ಎಲೆ ಅಂತ ತಪ್ಪದೆ ಬರೆಯಿರಿ. ಗಿಡ ಪಕ್ಕಕ್ಕೆ ಎತ್ತಬೇಕೋ ಇದ್ದಲ್ಲೇ ಬಿಡಬೇಕೋ ಅನ್ನುವುದನ್ನು ಅದನ್ನು ನೋಡಿ ಖಚಿತವಾಗಿ ಹೇಳುತ್ತೇನೆ.